ಪಂಚಮಿಗೆ ಮನೆ ತುಂಬ ಜನ: ಏಳು ಮಂದಿ ಒಟ್ಟಿಗೆ ಆಡುವ ಎಲೆ ಆಟ ಯಾವುದು?

ಕೇಶ್ವಾಪುರದ ಸೊಸೆ

ಎಲ್ಲರಿಗೂ ನಮಸ್ಕಾರ. ಪಂಚಮಿಗೆ ಇನ್ನು ಹನ್ನೆರಡು ದಿನ ಇದೆ. ಇಬ್ಬರು ನಾದಿನಿಯರೂ ಮಕ್ಕಳ ಜೊತೆ ತವರಿಗೆ ಬರುತ್ತಾರೆ, ಒಬ್ಬರು ಗದಗಿನಿಂದ, ಒಬ್ಬರು ಹಾವೇರಿಯಿಂದ. ಶೇಂಗಾ ಉಂಡಿ, ತಂಬಿಟ್ಟು, ಅಳ್ಳು ಎಲ್ಲ ತಯಾರಾಗುತ್ತದೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಮಧ್ಯಾಹ್ನದ ಹೊತ್ತು. ಜೋಕಾಲಿ ಕಟ್ಟೋಣ ಅಂದರೆ ಹಿತ್ತಲ ಬೇವಿನ ಮರ ಹೋದ ವರ್ಷ ಗಾಳಿಗೆ ಬಿತ್ತು. ಹೊರಗೆ ಜಿಟಿಜಿಟಿ ಮಳೆ. ಹೋದ ಸಲ ಎಲ್ಲರೂ ಒಂದೇ ಪಡಸಾಲೆಯಲ್ಲಿ ಕೂತು ಏಳು ಮೊಬೈಲ್ ನೋಡಿದೆವು, ವರ್ಷಕ್ಕೊಮ್ಮೆ ಬಂದವರು ಹಾಗೇ ಹೋದರು. ಅದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ನನ್ನ ತವರಿನಲ್ಲಿ ನಾವು ಮೆಂಡಿಕೋಟ್ ಅನ್ನುವ ಇಸ್ಪೀಟ್ ಆಟ ಆಡುತ್ತಿದ್ದೆವು. ಹತ್ತರ ಎಲೆ ಇರುವುದು ನಾಲ್ಕೇ, ಮೂರು ಸಿಕ್ಕರೆ ಗೆದ್ದ ಹಾಗೆ. ಲೆಕ್ಕ ಗೊತ್ತಿಲ್ಲದ ಮಗುವಿಗೂ ಯಾರ ಹತ್ತಿರ ಜಾಸ್ತಿ ಇದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಅಂಥದ್ದೇ ಆಟ ಬೇಕು, ಆದರೆ ಏಳು ಜನಕ್ಕೆ. ಅತ್ತೆಗೆ 72, ನಾನು, ಇಬ್ಬರು ನಾದಿನಿಯರು, ಮಕ್ಕಳಿಗೆ 13, 10, 7. ಅರ್ಧ ತಾಸಿನಲ್ಲಿ ಮುಗಿಯಬೇಕು. ಸೋತು ಹೊರಗೆ ಕೂರುವ ಆಟ ಬೇಡ, ಚಿಕ್ಕವಳು ಅಳುತ್ತಾಳೆ.

ಮೈಸೂರು ಕಡೆಯವನು

ಹುಬ್ಬಳ್ಳಿಗೆ ಬಂದು ನಾಲ್ಕು ವರ್ಷ ಆಯಿತು, ಈ ಮೆಂಡಿಕೋಟ್ ಹೆಸರು ಆಫೀಸಿನಲ್ಲಿ ಕೇಳಿದ್ದೇನೆ, ಆಡಿಲ್ಲ. ಒಮ್ಮೆ ಯಾರೋ "ಬದಾಮ್ ಹಾಕ್ರಿ" ಅಂದರು, ನಾನು ತಿನ್ನುವ ಬಾದಾಮಿ ಅಂದುಕೊಂಡೆ. ನಮ್ಮ ಕಡೆ ಆ ಕೆಂಪು ಹೃದಯದ ಎಲೆಗೆ ಆಟೀನ್ ಅಂತೀವಿ. ಯಾರಾದರೂ ಆಟ ಹೇಗೆ ಅಂತ ಸರಿಯಾಗಿ ಹೇಳಿ.

ಹಳೇ ಹಾಸ್ಟೆಲ್

ನಾನು ಹೇಳುತ್ತೇನೆ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ. 52 ಎಲೆ, ತಲಾ 13. ಒಬ್ಬರು ಹಾಕಿದ ಬಣ್ಣವನ್ನೇ (ಆಟೀನ್ ಹಾಕಿದರೆ ಆಟೀನ್) ಉಳಿದವರೂ ಹಾಕಬೇಕು, ದೊಡ್ಡ ಎಲೆ ಹಾಕಿದವರಿಗೆ ಆ ಕೈ, ಅಂದರೆ ಆ ಸುತ್ತಿನ ನಾಲ್ಕೂ ಎಲೆ. ಆ ಬಣ್ಣ ಇಲ್ಲದಿದ್ದರೆ ಹುಕುಂ, ಅಂದರೆ ಉಳಿದ ಬಣ್ಣಗಳನ್ನೆಲ್ಲ ಸೋಲಿಸುವ ಬಣ್ಣ, ಹೊಡೆಯಬಹುದು. ಹುಕುಂ ಯಾವುದು ಅನ್ನುವುದಕ್ಕೆ ಎರಡು ಪದ್ಧತಿ ಇದೆ. ಒಂದು ಕಟ್ ಹುಕುಂ: ಮೊದಲ ಸಲ ಬಣ್ಣ ಇಲ್ಲದೆ ಯಾರು ಬೇರೆ ಎಲೆ ಹಾಕುತ್ತಾರೋ ಆ ಎಲೆಯ ಬಣ್ಣವೇ ಹುಕುಂ. ಇನ್ನೊಂದು ಬಂದ್ ಹುಕುಂ: ಒಬ್ಬರು ಒಂದು ಎಲೆಯನ್ನು ಮುಚ್ಚಿಡುತ್ತಾರೆ, ಬೇಕಾದಾಗ ತೆಗೆಸುತ್ತಾರೆ. ಕೊನೆಗೆ ಲೆಕ್ಕ ಹಾಕುವುದು ಹತ್ತರ ಎಲೆಗಳನ್ನು ಮಾತ್ರ. ಮೂರು ಬಂದರೆ ಗೆಲುವು, ನಾಲ್ಕೂ ಬಂದರೆ ಕೋಟ್.

ಇದರಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಅಂದರೆ ಎರಡು ಎರಡು ಬಂದಾಗ ಏನು ಅನ್ನುವ ಉತ್ತರ. ಆಗ ಯಾರು ಜಾಸ್ತಿ ಕೈ ಹಿಡಿದರು ನೋಡುತ್ತಾರೆ. ಒಟ್ಟು 13 ಕೈ, ಬೆಸ ಸಂಖ್ಯೆ, ಹಾಗಾಗಿ ಒಬ್ಬರಿಗೆ ಏಳು ಬಂದೇ ಬರುತ್ತದೆ. ಸಮ ಆಗುವ ಮಾತೇ ಇಲ್ಲ.

ಆರು ಜನ ಇದ್ದರೆ ಲಿಟರೇಚರ್ ಆಡಿ. ಧಾರವಾಡದ ಹಾಸ್ಟೆಲಿನಲ್ಲಿ ಅದನ್ನು ಆಡಿ ಆಡಿ ಪರೀಕ್ಷೆ ಹಿಂದಿನ ರಾತ್ರಿಯೂ ಬಿಟ್ಟಿಲ್ಲ. ನಾಲ್ಕೂ ಎಂಟುಗಳನ್ನು ತೆಗೆದರೆ 48 ಎಲೆ. ಪ್ರತಿ ಬಣ್ಣದಲ್ಲೂ ಎರಡರಿಂದ ಏಳರವರೆಗೆ ಒಂದು ಗುಂಪು, ಒಂಬತ್ತರಿಂದ ಎಕ್ಕದವರೆಗೆ ಒಂದು ಗುಂಪು. ಹೀಗೆ ಎಂಟು ಗುಂಪು. ಮೂರು ಮೂರು ಜನದ ಎರಡು ತಂಡ. ಎದುರಿನವರ ಹತ್ತಿರ ಇಂಥದ್ದೇ ಎಲೆ ಅಂತ ಹೆಸರು ಹಿಡಿದು ಕೇಳಬೇಕು, ಆದರೆ ಅದೇ ಗುಂಪಿನ ಒಂದಾದರೂ ಎಲೆ ನಿಮ್ಮ ಕೈಯಲ್ಲಿ ಇರಬೇಕು. ಇದ್ದರೆ ಅವರು ಕೊಡಬೇಕು, ನೀವು ಮುಂದೆ ಕೇಳಬಹುದು. ಇಲ್ಲದಿದ್ದರೆ ಸರದಿ ಅವರದು. ಐದು ಗುಂಪು ಕೂಡಿಸಿದ ತಂಡಕ್ಕೆ ಗೆಲುವು.

ಕೇಶ್ವಾಪುರದ ಸೊಸೆ

ಅಣ್ಣಾ, ಲಿಟರೇಚರ್ ಚೆನ್ನಾಗಿದೆ. ಆದರೆ ಯಾರು ಯಾರಿಗೆ ಏನು ಕೇಳಿದರು ಅನ್ನುವುದನ್ನೆಲ್ಲ ನೆನಪು ಇಟ್ಟುಕೊಳ್ಳಬೇಕಲ್ವಾ, ಏಳು ವರ್ಷದವಳಿಗೆ ಕಷ್ಟ. ಆರು ಜನ ಆಡಿ ಒಬ್ಬರನ್ನು ಬಿಡುವುದೂ ಆಗುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಅತ್ತೆ ಮನೆಯೊಳಗೆ ಇಸ್ಪೀಟ್ ತರಿಸುವುದಿಲ್ಲ. ಅವರ ಅಣ್ಣ ಜಾತ್ರೆಯ ಜೂಜಿನಲ್ಲಿ ಎರಡು ಎಕರೆ ಹೊಲ ಕಳೆದುಕೊಂಡರು. ಆಗ ಅತ್ತೆಗೆ ಹತ್ತು ವರ್ಷ. ಆ ಹೊಲದಲ್ಲಿ ಬೇರೆಯವರು ಬಿತ್ತುವುದನ್ನು ದಾರಿಯಲ್ಲಿ ನಿಂತು ನೋಡಿದ್ದು ಇವತ್ತಿಗೂ ಹೇಳುತ್ತಾರೆ. "ಇಸ್ಪೀಟ ಎಲಿ ಈ ಹೊಸ್ತಲಾ ದಾಟಬಾರದು" ಅನ್ನುವುದು ಅವರ ಮಾತು. ಅದನ್ನು ಮೀರಿ ನಾನು ಏನೂ ಮಾಡುವುದಿಲ್ಲ. ಹಾಗಾಗಿ ರಾಜ ರಾಣಿ ಗುಲಾಮ ಇಲ್ಲದ ಆಟ ಇದ್ದರೆ ಹೇಳಿ. ಕಾಗದ ಕತ್ತರಿಸಿ ಮನೆಯಲ್ಲೇ ಮಾಡುವುದಾದರೂ ಸರಿ.

ಸಪ್ತಾಪುರ ಮಳೆ

ಅಕ್ಕಾ, ನಿಮಗೆ ಸರಿ ಹೊಂದುವ ಆಟ ಒಂದಿದೆ. ಜಪಾನಿನ ಓಯಿಂಕ್ ಗೇಮ್ಸ್ ಅವರ ಸ್ಟಾರ್ಟಪ್ಸ್. 2017ರಲ್ಲಿ ಬಂತು, ಮಾಡಿದವರು ಜುನ್ ಸಸಾಕಿ. ಮೂರರಿಂದ ಏಳು ಜನ ಆಡಬಹುದು. ನನ್ನ ಹತ್ತಿರ ಇದೆ, ಮುಷ್ಟಿಯಷ್ಟು ಡಬ್ಬಿ. ಅದರಲ್ಲಿ ಆರು ಕಂಪನಿ, 45 ಎಲೆ. ಒಂದು ಕಂಪನಿಯ ಎಲೆ ಐದು, ಇನ್ನೊಂದರದು ಆರು, ಹೀಗೆ ಹತ್ತರವರೆಗೆ. ಕಂಪನಿ ಅನ್ನುವುದು ಹೆಸರಿಗೆ ಮಾತ್ರ, ನೀವು ಪೇಡೆ ಅಂತ ಬರೆದರೂ ಆಟ ಅದೇ.

ಕಲೆಸಿ ಐದು ಎಲೆಗಳನ್ನು ನೋಡದೆ ಪಕ್ಕಕ್ಕೆ ಇಡಿ. ಅವು ಕೊನೆಯವರೆಗೂ ಹೊರಗೇ. ಎಲ್ಲರಿಗೂ ಮೂರು ಮೂರು ಎಲೆ, ಹತ್ತು ಹತ್ತು ಬಿಲ್ಲೆ. ಉಳಿದದ್ದು ನಡುವೆ ಕಟ್ಟು.

ನಿಮ್ಮ ಸರದಿಯಲ್ಲಿ ಒಂದು ಎಲೆ ತಗೊಳ್ಳಬೇಕು, ಒಂದು ಎಲೆ ಹಾಕಬೇಕು. ಹಾಕುವಾಗ ನಿಮ್ಮ ಮುಂದೆ ಇಟ್ಟುಕೊಳ್ಳಬಹುದು, ಇಲ್ಲವೇ ಬೇಡ ಅಂತ ನಡುವಿನ ಸಾಲಿಗೆ ಬಿಡಬಹುದು. ತಗೊಳ್ಳುವಾಗ ಕಟ್ಟಿನಿಂದಲೂ ತಗೊಳ್ಳಬಹುದು, ನಡುವಿನ ಸಾಲಿನಿಂದಲೂ ತಗೊಳ್ಳಬಹುದು. ಕಟ್ಟಿನಿಂದ ತಗೊಂಡರೆ ಸಾಲಿನಲ್ಲಿರುವ ಒಂದೊಂದು ಎಲೆಯ ಮೇಲೂ ಒಂದೊಂದು ಬಿಲ್ಲೆ ಇಡಬೇಕು. ಸಾಲಿನಿಂದ ತಗೊಂಡರೆ ಆ ಎಲೆಯ ಮೇಲೆ ಕೂಡಿದ ಬಿಲ್ಲೆಗಳೂ ನಿಮಗೇ. ಯಾರಿಗೂ ಬೇಡವಾದ ಎಲೆಯ ಮೇಲೆ ಬಿಲ್ಲೆ ಬೀಳುತ್ತಾ ಬೀಳುತ್ತಾ ಕೊನೆಗೆ ಎಲ್ಲರಿಗೂ ಅದೇ ಬೇಕಾಗುತ್ತದೆ, ಇಲ್ಲಿದೆ ಆಟದ ರುಚಿ. ಸಾಲಿನಿಂದ ತಗೊಂಡ ಬಗೆಯ, ಅಂದರೆ ಅದೇ ಕಂಪನಿಯ, ಎಲೆಯನ್ನು ಅದೇ ಸರದಿಯಲ್ಲಿ ವಾಪಸ್ ಸಾಲಿಗೆ ಬಿಡುವ ಹಾಗಿಲ್ಲ.

ಒಂದು ಬಗೆಯಲ್ಲಿ ನಿಮ್ಮ ಮುಂದೆಯೇ ಎಲ್ಲರಿಗಿಂತ ಜಾಸ್ತಿ ಇದ್ದರೆ ಆ ಬಗೆಯ ಗುರುತು ನಿಮಗೆ ಬರುತ್ತದೆ. ಗುರುತು ಇರುವವರು ಆ ಬಗೆಯ ಎಲೆಯನ್ನು ಸಾಲಿನಿಂದ ಎತ್ತುವ ಹಾಗಿಲ್ಲ, ಅದರ ಮೇಲೆ ಬಿಲ್ಲೆ ಇಡುವುದೂ ಬೇಕಿಲ್ಲ. ಇದರಿಂದ ಮುಂದೆ ಇರುವವರ ಓಟ ಸ್ವಲ್ಪ ನಿಧಾನ ಆಗುತ್ತದೆ.

ಕಟ್ಟು ಖಾಲಿ ಆದಾಗ ಆಟ ಮುಗಿಯಿತು. ಕೈಯಲ್ಲಿ ಉಳಿದ ಮೂರು ಎಲೆಗಳನ್ನೂ ಎಲ್ಲರೂ ತಮ್ಮ ಮುಂದೆ ತೆರೆದಿಡಬೇಕು. ಆಮೇಲೆ ಒಂದೊಂದು ಬಗೆಯದೇ ಲೆಕ್ಕ. ಯಾರ ಹತ್ತಿರ ಜಾಸ್ತಿ ಇದೆಯೋ ಅವರಿಗೆ ಅದೇ ಬಗೆ ಇಟ್ಟುಕೊಂಡ ಉಳಿದವರು ತಮ್ಮ ಒಂದೊಂದು ಎಲೆಗೂ ಒಂದೊಂದು ಬಿಲ್ಲೆ ಕೊಡಬೇಕು. ಹಾಗೆ ಬಂದ ಬಿಲ್ಲೆಯನ್ನು ತಿರುಗಿಸಿಡುತ್ತಾರೆ, ಅದರ ಬೆಲೆ ಮೂರು. ನಿಮ್ಮ ಹತ್ತಿರ ನಾಲ್ಕು, ನನ್ನ ಹತ್ತಿರ ಎರಡು, ಇನ್ನೊಬ್ಬರ ಹತ್ತಿರ ಒಂದು ಇದ್ದರೆ ನಾನು ಎರಡು ಕೊಡುತ್ತೇನೆ, ಅವರು ಒಂದು ಕೊಡುತ್ತಾರೆ, ನಿಮಗೆ ಅದು ಒಂಬತ್ತು. ಮೇಲಿನ ಇಬ್ಬರು ಸಮ ಆದರೆ ಆ ಬಗೆಯಲ್ಲಿ ಯಾರೂ ಯಾರಿಗೂ ಏನೂ ಕೊಡುವುದಿಲ್ಲ. ಒಂದು ಎಲೆಯೂ ಇಲ್ಲದವರಂತೂ ಕೊಡುವ ಹಾಗೇ ಇಲ್ಲ.

ರಾಣೆಬೆನ್ನೂರು ಟೀಚರ್

ಸಪ್ತಾಪುರದವರು ಚೆನ್ನಾಗಿ ಬರೆದಿದ್ದಾರೆ. ಮಕ್ಕಳಿಗೆ ಹೇಳುವಾಗ ಬಹುಮತ ಅನ್ನುವ ಪದ ಬಳಸಿ. ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕಿಲ್ಲ, ಉಳಿದ ಯಾರಿಗಿಂತಲೂ ಒಂದು ಜಾಸ್ತಿ ಸಾಕು. ಒಟ್ಟು ಹತ್ತು ಎಲೆ ಇರುವ ಬಗೆಯಲ್ಲಿ ಮೂರೇ ಎಲೆ ಇಟ್ಟುಕೊಂಡು ಗೆಲ್ಲಬಹುದು, ಉಳಿದವು ಎರಡೆರಡಾಗಿ ಚದುರಿದ್ದರೆ. ಮಕ್ಕಳು ಸುಮ್ನೆ ಎಲೆ ಪೇರಿಸುತ್ತಾ ಹೋಗುತ್ತಾರೆ, ಪಕ್ಕದವರ ಮುಂದೆ ಎಷ್ಟಿದೆ ನೋಡುವುದಿಲ್ಲ. ಎರಡನೇ ಆಟಕ್ಕೆ ತಾವೇ ಕತ್ತು ಎತ್ತಿ ನೋಡಲು ಶುರು ಮಾಡುತ್ತಾರೆ.

ಬರೀ ಬಣ್ಣದ ಮೇಲೆ ಗುರುತು ಮಾಡಬೇಡಿ ಅಕ್ಕಾ. ಹಿರಿಯರಿಗೆ ಸಂಜೆ ಬೆಳಕಿನಲ್ಲಿ ಕಂದು ಯಾವುದು ಕೆಂಪು ಯಾವುದು ತಿಳಿಯುವುದಿಲ್ಲ. ಚಿತ್ರ ಬೇರೆ ಇರಲಿ, ಮೂಲೆಯಲ್ಲಿ ಆ ಬಗೆಯದು ಒಟ್ಟು ಎಷ್ಟು ಎಲೆ ಅನ್ನುವ ಅಂಕಿ ದಪ್ಪಗೆ ಇರಲಿ.

ಕೇಶ್ವಾಪುರದ ಸೊಸೆ

ಓದಿ ಖುಷಿಯಾಯಿತು. ಅತ್ತೆಗೆ ಹೇಳಿದೆ. ದುಡ್ಡು ಇಲ್ಲ, ರಾಜ ರಾಣಿ ಇಲ್ಲ, ಮಕ್ಕಳು ಚಿತ್ರ ಬರೆದ ಚೀಟಿ ಅಂದೆ. "ಚೀಟಿ ಆದರ ಆಡ್ರಿ" ಅಂದರು. ನಡುವಿನ ಸಾಲು ಹೇಗೆ ಅಂತ ತೋರಿಸಿದಾಗ "ಇದು ಸಂತಿ ಇದ್ದಂಗ ಅದ" ಅಂದರು. ಹಾಗಾಗಿ ನಮ್ಮ ಮನೆಯಲ್ಲಿ ಅದರ ಹೆಸರು ಸಂತೆ.

ಬಗೆಗಳನ್ನು ಹೀಗೆ ಇಟ್ಟಿದ್ದೇವೆ: 5 ಪೇಡೆ, 6 ಬ್ಯಾಡಗಿ ಮೆಣಸಿನಕಾಯಿ, 7 ಹಾವೇರಿ ಏಲಕ್ಕಿ ಹಾರ, 8 ಗಿರ್ಮಿಟ್, 9 ರೊಟ್ಟಿ, 10 ರೈಲು. ಬಿಲ್ಲೆಗೆ ಏನು ಮಾಡಲಿ? ಏಳು ಜನಕ್ಕೆ 70 ಬೇಕು, ಅದೂ ಎರಡು ಮುಖ ಬೇರೆ ಇರಬೇಕು.

ಬ್ಯಾಡಗಿ ಖಾರ

ಬಿಲ್ಲೆಗೆ ಹುಣಸೆ ಬೀಜ! ಚೌಕಾಬಾರ ಆಡಲು ನಮ್ಮ ಅವ್ವ ಮಾಡುತ್ತಿದ್ದದ್ದು ಅದೇ. ಬೀಜ ಹುರಿದು ಹುಷಾರಾಗಿ ಒಡೆದರೆ ಎರಡು ಹೋಳು. ಒಂದು ಮುಖ ಕಪ್ಪು, ಒಳಗಿನ ಮುಖ ಬಿಳಿ. 35 ಬೀಜಕ್ಕೆ 70 ಹೋಳು ಆಯಿತು. ಆಡುವಾಗ ಕಪ್ಪು ಮೇಲೆ, ಕೊನೆಗೆ ಗೆದ್ದು ಬಂದದ್ದನ್ನು ಬಿಳಿ ಮಾಡಿ ಇಡಿ. ಕಪ್ಪಿಗೆ ಒಂದು, ಬಿಳಿಗೆ ಮೂರು. ಎಲ್ಲ ಸರಿಯಾಗಿ ಒಡೆಯುವುದಿಲ್ಲ, ಐವತ್ತು ಬೀಜ ಹುರಿಯಿರಿ. ಹುಳ ಬಿದ್ದದ್ದನ್ನು ಮೊದಲೇ ಆರಿಸಿ ತೆಗೆಯಿರಿ.

ಆದರೆ ಅಕ್ಕಾ, ಮೆಣಸಿನಕಾಯಿಗೆ ಆರೇ ಎಲೆ ಅಂದದ್ದು ಬೇಜಾರಾಯಿತು. 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದ ಕಾಯಿ ಅದು. ಸುಗ್ಗಿಯಲ್ಲಿ ನಮ್ಮ ಮಾರುಕಟ್ಟೆಗೆ ಒಮ್ಮೆ ಬನ್ನಿ, ಕಣ್ಣು ಹಾಯಿಸಿದಷ್ಟು ದೂರ ಕೆಂಪು ಚೀಲ. ಹತ್ತು ಕೊಡಿ.

ಸಪ್ತಾಪುರ ಮಳೆ

ಬ್ಯಾಡಗಿ ಅಣ್ಣಾ, ಕಡಿಮೆ ಎಲೆ ಅಂದರೆ ಕಡಿಮೆ ಬೆಲೆ ಅಲ್ಲ. ಐದರ ಬಗೆ, ಆರರ ಬಗೆಯಲ್ಲಿ ಎರಡು ಎಲೆ ಹಿಡಿದವರೇ ಮುಂದೆ. ಆದರೆ ಅಪಾಯವೂ ಅಲ್ಲೇ. ನೋಡದೆ ಪಕ್ಕಕ್ಕಿಟ್ಟ ಐದರಲ್ಲಿ ಮೂರು ಪೇಡೆಯೇ ಹೋಗಿದ್ದರೆ ನೀವು ಬಾರದ ಎಲೆಗೆ ಕಾಯುತ್ತಾ ಕೂರುತ್ತೀರಿ. ಹತ್ತರ ಬಗೆಯನ್ನು ಎಲ್ಲರೂ ಒಂದೆರಡು ಇಟ್ಟುಕೊಂಡಿರುತ್ತಾರೆ, ಅದನ್ನು ಗೆದ್ದರೆ ಬೀಜಗಳ ರಾಶಿ, ಸೋತರೆ ನಿಮ್ಮ ಮೂರು ನಾಲ್ಕು ಬೀಜ ಹೋಯಿತು. ನಾನು ಸಾಮಾನ್ಯವಾಗಿ ಸಣ್ಣ ಬಗೆಯಲ್ಲಿ ಬೇಗ ಎರಡು ಇಟ್ಟು, ದೊಡ್ಡ ಬಗೆಯಿಂದ ದೂರ ಇರುತ್ತೇನೆ. ಎಷ್ಟೋ ಸಲ ಯಾವ ಬಗೆಯನ್ನೂ ದೊಡ್ಡದಾಗಿ ಗೆಲ್ಲದೆ, ಸಾಲಿನಲ್ಲಿ ಬಿಲ್ಲೆ ಕೂಡಿದ ಎಲೆಗಳನ್ನು ಎತ್ತಿಕೊಂಡೇ ಮೇಲೆ ಬಂದಿದ್ದೇನೆ.

ಬ್ಯಾಡಗಿ ಖಾರ

ಹಾಗಾದರೆ ಆರು ಇರಲಿ. ಚಿತ್ರದಲ್ಲಿ ಕಾಯಿ ಸುಕ್ಕು ಸುಕ್ಕಾಗಿ ಇರಲಿ, ನುಣ್ಣಗೆ ಬರೆದರೆ ಅದು ಬ್ಯಾಡಗಿ ಅಲ್ಲ. ಉದ್ದನೆಯ ಕಡ್ಡಿ ತಳಿ ಬರೆಯುತ್ತೀರೋ ಗಿಡ್ಡನೆಯ ಡಬ್ಬಿ ತಳಿ ಬರೆಯುತ್ತೀರೋ ನಿಮ್ಮ ಇಷ್ಟ, ಎರಡೂ ನಮ್ಮದೇ.

ಬೆಟಗೇರಿ ಪ್ರೆಸ್

ಮೊದಲ ಸಲ ಬರೆಯುತ್ತಿದ್ದೇನೆ. ನಾದಿನಿ ಒಬ್ಬರು ಗದಗಿನವರು ಅಂತೀರಿ, ಆರು ಬಗೆಯಲ್ಲಿ ಗದಗಿನದು ಒಂದೂ ಇಲ್ಲ. ಬೆಟಗೇರಿಯ ಕೈಮಗ್ಗದ ಸೀರೆ ಹಾಕಿ. ರೊಟ್ಟಿ ಎಲ್ಲರ ಮನೆಯದು, ಸೀರೆ ನಮ್ಮದು. ಮಗ್ಗದ ಸಪ್ಪಳ ಕೇಳುತ್ತಾ ಬೆಳೆದವನು ನಾನು, ಈಗ ಪ್ರೆಸ್ಸಿನಲ್ಲಿ ಕೆಲಸ. ಅದಕ್ಕೇ ಎಲೆ ಮಾಡುವ ಬಗ್ಗೆ ಒಂದು ಮಾತು.

ಇಸ್ಪೀಟ್ ಎಲೆಯ ಅಳತೆ 63 ಮಿಮೀ ಅಗಲ, 88 ಮಿಮೀ ಉದ್ದ. ಎ4 ಹಾಳೆಯಲ್ಲಿ ಮೂರು ಅಡ್ಡ, ಮೂರು ಉದ್ದ ಕೂರುತ್ತದೆ, ಅಂದರೆ ಒಂಬತ್ತು. ನಿಮಗೆ ಬೇಕಾದದ್ದು 45, ಸರಿಯಾಗಿ ಐದು ಹಾಳೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡ್ ತಗೊಳ್ಳಿ. ಅದಕ್ಕಿಂತ ತೆಳು ಆದರೆ ಬೆಳಕಿಗೆ ಹಿಡಿದಾಗ ಚಿತ್ರ ಹಿಂದೆ ಕಾಣುತ್ತದೆ.

ಕೇಶ್ವಾಪುರದ ಸೊಸೆ

ನಿಮ್ಮ ಮಾತು ನಿಜ ಅಣ್ಣಾ. ರೊಟ್ಟಿ ತೆಗೆದು ಬೆಟಗೇರಿ ಸೀರೆ ಹಾಕಿದೆವು. ಗದಗಿನ ನಾದಿನಿಗೆ ಫೋನ್ ಮಾಡಿ ಹೇಳಿದೆ, ಅಂಚು ಹೇಗೆ ಬರೆಯಬೇಕು ಅಂತ ಫೋಟೊ ಕಳಿಸಿದ್ದಾರೆ.

ಕಾರ್ಡ್ ಮಾತ್ರ ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳಿಂದಲೇ ಕತ್ತರಿಸಿ ಮುಗಿಸಿದ್ದೇನೆ. ಹಬ್ಬ ಹತ್ತಿರ ಬಂತು. ಗುರುತಿಗೆ ಆರು ಬಣ್ಣದ ಪ್ಲಾಸ್ಟಿಕ್ ಬಳೆ ಇಟ್ಟಿದ್ದೇನೆ. ಯಾರು ಮುಂದೆ ಇರುತ್ತಾರೋ ಅವರು ಆ ಬಳೆ ಹಾಕಿಕೊಳ್ಳಬೇಕು, ಇನ್ನೊಬ್ಬರು ದಾಟಿದರೆ ಬಿಚ್ಚಿ ಕೊಡಬೇಕು.

ಹಳೇ ಹಾಸ್ಟೆಲ್

ಬಳೆಯ ಯೋಚನೆ ಬಹಳ ಹಿಡಿಸಿತು. ಎಲ್ಲರ ಮುಂದಿನ ಎಲೆ ಎಣಿಸುವುದೇ ಬೇಡ, ಕೈ ನೋಡಿದರೆ ಸಾಕು.

ಕೇಶ್ವಾಪುರದ ಸೊಸೆ

ಹಬ್ಬ ಮುಗಿಯಿತು, ಎಲ್ಲರೂ ನಿನ್ನೆ ಹೊರಟರು. ಎಲ್ಲ ಬರೆಯುತ್ತೇನೆ.

ಮೊದಲ ದಿನ ಏಳೂ ಜನ ಬೇರೆ ಬೇರೆ ಆಡಿದೆವು. ಆಟ ಶುರು ಆಗುವಷ್ಟರಲ್ಲಿ ಮುಗಿದ ಹಾಗೆ ಅನ್ನಿಸಿತು. ಆಮೇಲೆ ದೊಡ್ಡವಳು ಕೂತು ಲೆಕ್ಕ ಹಾಕಿದಳು. 45ರಲ್ಲಿ ಐದು ಹೊರಗೆ, ಉಳಿದದ್ದು 40. ಏಳು ಜನಕ್ಕೆ ಮೂರರಂತೆ 21 ಹೋಯಿತು. ಕಟ್ಟಿನಲ್ಲಿ 19 ಮಾತ್ರ. ತಲಾ ಮೂರು ಸಲ ಕೂಡ ಕಟ್ಟಿನಿಂದ ಎತ್ತಲು ಬರುವುದಿಲ್ಲ. ಮರುದಿನ ಚಿಕ್ಕವಳು ಅತ್ತೆಯ ಜೊತೆ, ಹತ್ತು ವರ್ಷದವನು ತನ್ನ ಅಮ್ಮನ ಜೊತೆ. ಹೀಗೆ ಐದು ಕೈ. 15 ಹಂಚಿದರೆ ಕಟ್ಟಿನಲ್ಲಿ 25, ಕೈಗೆ ಐದು. ಈಗ ಆಟಕ್ಕೆ ಹೊಟ್ಟೆ ತುಂಬಿತು. ಯಾರೂ ಹೊರಗೆ ಕೂರಲಿಲ್ಲ, ಚಿಕ್ಕವಳಿಗೆ ಅಜ್ಜಿಯ ಪರವಾಗಿ ಎಲೆ ಹಾಕುವುದೇ ದೊಡ್ಡ ಕೆಲಸ.

ಅತ್ತೆ ಆಡಿದ ರೀತಿ ನೋಡಿ ನಾವೆಲ್ಲ ದಂಗಾದೆವು. ಸಂತೆಯಲ್ಲಿ ಗಿರ್ಮಿಟ್ ಒಂದು ಬಿದ್ದಿತ್ತು. ನಮಗೆ ಯಾರಿಗೂ ಬೇಡ. ಎಲ್ಲರೂ ಕಟ್ಟಿನಿಂದ ಎತ್ತುತ್ತಾ ಅದರ ಮೇಲೆ ಬೀಜ ಇಡುತ್ತಾ ಹೋದೆವು. ಏಳು ಬೀಜ ಕೂಡಿದ ಮೇಲೆ ಅತ್ತೆ ಸುಮ್ಮನೆ ಕೈ ಚಾಚಿ ಎತ್ತಿಕೊಂಡರು. ಕೊನೆಗೆ ಆ ಗಿರ್ಮಿಟ್‌ಗೆ ಅವರು ಕೊಟ್ಟದ್ದು ಒಂದೇ ಬೀಜ. "ಯಾರಿಗೂ ಬ್ಯಾಡಾದ್ದು ಸಂಜಿಗೆ ಸೋವಿ ಆಗತೈತಿ" ಅಂದರು. ಅವರು ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಕಾಯಿಪಲ್ಲೆ ತರಲು ಸಂಜೆ ಹೊತ್ತಿಗೇ ಸಂತೆಗೆ ಹೋದವರು.

ರೈಲಿನ ಎಲೆಗಳ ವಿಷಯ. ಹತ್ತು ವರ್ಷದವನು ತನ್ನ ಮುಂದೆ ನಾಲ್ಕು ರೈಲು ಸಾಲಾಗಿ ಜೋಡಿಸಿ ಇದು ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಅಂದ. 1,507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದದ್ದು ಅಂತ ಅವನಿಗೆ ಬಾಯಿಪಾಠ. ಹಾವೇರಿಯಿಂದ ಬರುವಾಗ ಅದರ ಮೇಲೆ ನಡೆದು ಕಾಲು ನೋಯಿಸಿಕೊಂಡು ಬಂದಿದ್ದ. ನಾಲ್ಕು ಇದ್ದರೂ ಅವನಿಗೆ ಏನೂ ಬರಲಿಲ್ಲ. ಗದಗಿನ ನಾದಿನಿ ಕೈಯಲ್ಲಿ ಎರಡು ರೈಲು ಬಚ್ಚಿಟ್ಟುಕೊಂಡಿದ್ದರು, ಮುಂದೆ ಎರಡು. ಕೊನೆಗೆ ತೆರೆದಾಗ ನಾಲ್ಕು ನಾಲ್ಕು ಸಮ. ನನ್ನ ಹತ್ತಿರ ಒಂದು ರೈಲು ಇತ್ತು, ಸಮ ಆದದ್ದರಿಂದ ನಾನು ಒಂದು ಬೀಜ ಕೊಡುವುದು ತಪ್ಪಿತು. ದೊಡ್ಡವಳು ಟಿವಿ ಸುದ್ದಿಯವರ ಹಾಗೆ "ಯಾರಿಗೂ ಬಹುಮತ ಇಲ್ಲ, ಅತಂತ್ರ!" ಅಂತ ಕೂಗಿದಳು. ಅವತ್ತಿನಿಂದ ಸಮ ಆದರೆ ಅತಂತ್ರ ಅಂತಲೇ ಹೆಸರು.

ಆದರೆ ಹುಡುಗನಿಗೆ ಅದು ಅನ್ಯಾಯ ಅನ್ನಿಸಿ ಊಟ ಬಿಟ್ಟು ಮಲಗಿದ. ಬಳೆ ಆಟ ಪೂರ್ತಿ ಅವನ ಕೈಯಲ್ಲೇ ಇತ್ತು. ಹಾಗಾಗಿ ಕೇಳುತ್ತೇನೆ, ಸಮ ಆದಾಗ ಬಳೆ ಇದ್ದವರಿಗೇ ಗೆಲುವು ಅಂತ ಮಾಡಬಹುದಾ?

ರಾಣೆಬೆನ್ನೂರು ಟೀಚರ್

ಮಾಡಬಹುದು ಅಕ್ಕಾ, ನಿಮ್ಮ ಮನೆಯ ಆಟ. ಮಗುವಿನ ದುಃಖ ನನಗೂ ಅರ್ಥ ಆಗುತ್ತದೆ. ಮೆಂಡಿಕೋಟ್‌ನಲ್ಲಿ ಕೈ ಎಣಿಸುವ ಹಾಗೆ ಇಲ್ಲೂ ಒಂದು ಎರಡನೇ ಅಳತೆ ಇದ್ದರೆ ಯಾರೂ ಬರಿಗೈಯಲ್ಲಿ ಏಳುವುದಿಲ್ಲ.

ಸಪ್ತಾಪುರ ಮಳೆ

ನಾನು ಬೇಡ ಅಂತೀನಿ, ಕಾರಣ ಹೇಳುತ್ತೇನೆ. ಅತಂತ್ರ ಅನ್ನುವುದು ಹಿಂದೆ ಬಿದ್ದವರ ಕೈಯಲ್ಲಿರುವ ಒಂದೇ ಹತಾರ. ನಿಮ್ಮದೇ ಉದಾಹರಣೆ ನೋಡಿ. ನಿಮ್ಮ ಹತ್ತಿರ ಒಂದೇ ರೈಲು. ಹುಡುಗ ಗೆದ್ದರೆ ನೀವು ಕೊಡಬೇಕು, ಸಮ ಆದರೆ ಕೊಡಬೇಕಿಲ್ಲ. ಅಂದರೆ ನಿಮಗೆ ಬೇಕಾದದ್ದು ಯಾರ ಗೆಲುವೂ ಅಲ್ಲ, ಅವರಿಬ್ಬರ ಸಮ. ಆಗ ನೀವು ಮಾಡುವುದೇನು, ಕೈಗೆ ಬಂದ ಇನ್ನೊಂದು ರೈಲನ್ನು ನಿಮ್ಮ ಮುಂದೆ ಇಡದೆ ಸಂತೆಗೆ ಬಿಡುತ್ತೀರಿ. ಬಳೆ ಹಾಕಿದ ಹುಡುಗ ಅದನ್ನು ಎತ್ತುವ ಹಾಗಿಲ್ಲ, ನಾದಿನಿ ಎತ್ತಬಹುದು. ಮೂರನೆಯವರು ಇಬ್ಬರ ನಡುವೆ ಹೀಗೆ ಕೈ ಆಡಿಸುವುದರಿಂದಲೇ ಕೊನೆಯ ಎಲೆಯವರೆಗೂ ಎಲ್ಲರಿಗೂ ಕೆಲಸ ಇರುತ್ತದೆ. ಬಳೆಗೆ ಗೆಲುವು ಅಂದುಬಿಟ್ಟರೆ ಮೊದಲು ಓಡಿದವರೇ ಗೆದ್ದರು, ಉಳಿದವರು ಸುಮ್ಮನೆ ನೋಡಬೇಕು.

ಮೆಂಡಿಕೋಟ್ ಬೇರೆ. ಅಲ್ಲಿ ಇರುವುದು ಎರಡೇ ಪಕ್ಷ, ಸಮ ಆದರೆ ಆಟಕ್ಕೇ ಉತ್ತರ ಇಲ್ಲ, ಅದಕ್ಕೇ 13 ಕೈಯ ಲೆಕ್ಕ ಬೇಕು. ಇಲ್ಲಿ ಒಂದು ಬಗೆ ಅತಂತ್ರ ಆದರೆ ಇನ್ನೂ ಐದು ಬಗೆ ಇದೆ.

ಹುಡುಗನಿಗೆ ಒಂದು ಗುಟ್ಟು ಹೇಳಿಕೊಡಿ. ಬಳೆ ಹಾಕಿಕೊಂಡರೆ ಎಲ್ಲರ ಕಣ್ಣೂ ನಿಮ್ಮ ಮೇಲೆ. ಅವನೂ ಎರಡು ಎಲೆ ಕೈಯಲ್ಲೇ ಇಟ್ಟುಕೊಂಡು ಕೊನೆಗೆ ತೆರೆಯಲಿ.

ಕೇಶ್ವಾಪುರದ ಸೊಸೆ

ನೀವು ಹೇಳಿದ್ದನ್ನು ಹುಡುಗನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಅತಂತ್ರ ಇರಲಿ ಮಾಮಿ" ಅಂದ. ಹಾಗಾಗಿ ನಿಯಮ ಮೊದಲಿನ ಹಾಗೆಯೇ.

ಇನ್ನೊಂದು ವಿಷಯ ಬರೆಯುವುದು ಮರೆತಿದ್ದೆ. ಮೂರನೇ ದಿನ ಅತ್ತೆ ಮತ್ತು ಚಿಕ್ಕವಳ ಜೋಡಿ ಪದೇ ಪದೇ ಗೆಲ್ಲಲು ಶುರು ಆಯಿತು. ಆಮೇಲೆ ಗೊತ್ತಾಯಿತು, ಲಗ್ನಪತ್ರಿಕೆಯ ಹಿಂಬದಿಯಲ್ಲಿ ಒಂದೊಂದಕ್ಕೆ ಒಂದೊಂದು ಕಲೆ. ಒಂದು ಪೇಡೆಯ ಹಿಂದೆ ಅರಿಶಿನದ ಬೆರಳಿನ ಗುರುತು, ಒಂದು ರೈಲಿನ ಹಿಂದೆ ಗಣಪತಿಯ ಸೊಂಡಿಲಿನ ತುದಿ. ಚಿಕ್ಕವಳು ಎಲ್ಲವನ್ನೂ ಕಲಿತುಬಿಟ್ಟಿದ್ದಳು. ಅವಳಿಗೆ ಅದು ಮೋಸ ಅಂತ ಗೊತ್ತೇ ಇಲ್ಲ, ಆಟದ ಭಾಗ ಅಂದುಕೊಂಡಿದ್ದಳು. ನಾವು ಬೈಯಲಿಲ್ಲ, ಹಿಂಬದಿಗೆ ಒಂದೇ ತರಹದ ಕಾಗದ ಅಂಟಿಸೋಣ ಅಂತ ಕೂತೆವು. ಆದರೆ ಗೋಂದಿಗೆ ಎಲೆಗಳು ಸೊಟ್ಟಗಾದವು, ಕಲೆಸಲು ಬರುತ್ತಿಲ್ಲ.

ಹೊರಡುವಾಗ ಇಬ್ಬರು ನಾದಿನಿಯರೂ ತಮಗೊಂದು ಸೆಟ್ ಬೇಕು ಅಂದರು. ನಮ್ಮದೂ ಹೊಸದು ಆಗಬೇಕು. ಬೀಜ ಅತ್ತೆಯೇ ಹುರಿದು ಒಡೆದು ಕೊಡುತ್ತಾರಂತೆ, ಈಗ ನಮ್ಮ ಬೀಜಗಳು ಅವರ ಎಲೆ ಅಡಿಕೆ ಡಬ್ಬಿಯ ಪಕ್ಕದಲ್ಲೇ ಇವೆ. ಬೆಟಗೇರಿ ಅಣ್ಣಾ, 15 ಹಾಳೆ ಆಗುತ್ತದೆ ಅಲ್ವಾ? ಪ್ರೆಸ್ಸಿನಲ್ಲಿ ಏನಂತ ಕೇಳಬೇಕು?

ಬೆಟಗೇರಿ ಪ್ರೆಸ್

ಹೌದು ಅಕ್ಕಾ, 15. ಯಾವ ಪ್ರೆಸ್ಸಿಗಾದರೂ ಹೋಗಿ 300 ಜಿಎಸ್‌ಎಂ ಕಾರ್ಡ್, ಹಿಂಬದಿ ಪೂರ್ತಿ ಒಂದೇ ಕಡುಬಣ್ಣ ಅನ್ನಿ. ಚುಕ್ಕಿ, ಹೂವು ಏನೂ ಬೇಡ, ಚಿತ್ರ ಇದ್ದರೆ ಕತ್ತರಿಸುವಾಗ ಒಂದು ಎಲೆಯಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ ಸರಿಯುತ್ತದೆ, ಅದೇ ಗುರುತಾಗುತ್ತದೆ. ಮುಂದಿನ ಮುಖ ಖಾಲಿ ಬಿಡಿಸಿ, ಮಕ್ಕಳೇ ಬರೆಯಲಿ. ಬಾಲ್ ಪೆನ್ ಬೇಡ, ಒತ್ತಿ ಬರೆದರೆ ಹಿಂದೆ ಉಬ್ಬುತ್ತದೆ, ಕಲರ್ ಪೆನ್ಸಿಲ್ ಸಾಕು.

ಮೂರೂ ಸೆಟ್ ಒಂದೇ ಸಲ ಕಟಿಂಗ್‌ಗೆ ಕೊಡಿ. ಇವತ್ತು ಐದು ಹಾಳೆ, ನಾಳೆ ಐದು ಹಾಳೆ ಅಂತ ಕೊಟ್ಟರೆ ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ನಿಮ್ಮ ಚಿಕ್ಕವಳು ಅದನ್ನೂ ಹಿಡಿಯುತ್ತಾಳೆ.